ಎಡಗಾಲಿನ ಹೆಜ್ಜೆಗಳು ಎಲ್ಲಿ ಹೋದವು?

ಮಡಿಕೇರಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವ ಅಜ್ಜ ಒಬ್ಬರ ನಡಿಗೆ ನೋಡಲು ಎರಡೂ ಕಾಲಿಗೆ ಸೆನ್ಸರ್ ಕಟ್ಟಿದ್ದೆ. ಬಲಗಾಲು 40 ಹೆಜ್ಜೆ, ಎಡಗಾಲು 17 ಅಂತ ಬಂತು. ಒಂದು ಕಾಲಾದ ಮೇಲೆ ಇನ್ನೊಂದು ಇಟ್ಟು ನಡೆದವರಿಗೆ ಇದು ಆಗುವ ಮಾತಲ್ಲ, ಅಲ್ವಾ?

ಸೆನ್ಸರ್ ಕೆಟ್ಟಿದೆ ಅಂದುಕೊಂಡು ಅದಲು ಬದಲು ಮಾಡಿದೆ. ಆಗಲೂ ಎಡಗಾಲಿನದ್ದೇ ಕಡಿಮೆ. ಎರಡು ದಿನ ಸುಮ್ನೆ ಹೋಯಿತು. ಆಮೇಲೆ ಅಜ್ಜನ ಶೂ ಕಣ್ಣಿಗೆ ಬಿತ್ತು. ಎಡಗಾಲಿನದ್ದು ತುದಿಯಲ್ಲಿ ಸವೆದು ತೆಳ್ಳಗಾಗಿತ್ತು, ಹಿಮ್ಮಡಿ ಮಾತ್ರ ಹೊಸದರ ಹಾಗೇ ಇತ್ತು. ಉತ್ತರ ಅಲ್ಲೇ ಇತ್ತು. ಹಿಮ್ಮಡಿ ನೆಲಕ್ಕೆ ಬಡಿದಾಗ ಆಕ್ಸೆಲರೋಮೀಟರ್‌ನಲ್ಲಿ (ವೇಗದ ಏರಿಳಿತ ಅಳೆಯುವ ಸೆನ್ಸರ್) ಏಳುವ ಚೂಪಾದ ಗೆರೆಯನ್ನೇ ನಮ್ಮ ಪ್ರೋಗ್ರಾಂ ಹೆಜ್ಜೆ ಅಂತ ಎಣಿಸುತ್ತಿತ್ತು. ಎಳೆದು ಇಡುವ ಕಾಲಿಗೆ ಆ ಬಡಿತವೇ ಸರಿಯಾಗಿ ಇರುವುದಿಲ್ಲ.

ಹಾಗಾಗಿ ತಿರುಗುವ ವೇಗ ಅಳೆಯುವ ಗೈರೋಸ್ಕೋಪ್ ಹಿಡಿದೆ. ಕಾಲು ಮುಂದೆ ಬರುವಾಗ ಮೊಣಕಾಲ ಕೆಳಗಿನ ಭಾಗ ತಿರುಗುವ ವೇಗ ಒಮ್ಮೆ ಏರಿ ಇಳಿಯುತ್ತದೆ. ನಿಧಾನವಾಗಿ ನಡೆದರೂ ಆ ದಿಬ್ಬ ಕಂಡಿತು. ಅದನ್ನೇ ಎಣಿಸಿದೆ, ದಿಬ್ಬ ಎಷ್ಟು ಎತ್ತರ ಇದ್ದರೆ ಹೆಜ್ಜೆ ಅನ್ನುವ ಮಿತಿಯನ್ನು ಒಂದೊಂದು ಕಾಲಿಗೂ ಬೇರೆ ಇಟ್ಟೆ. ಪ್ಯಾಂಟಿನ ಮೇಲೆ ಜಾರುತ್ತಿದ್ದ ಸೆನ್ಸರ್ ಪಟ್ಟಿಯನ್ನು ಚರ್ಮಕ್ಕೇ ಬಿಗಿದೆ. ಗೈರೋಸ್ಕೋಪ್ ಸುಮ್ಮನಿದ್ದಾಗಲೂ ಚೂರು ವೇಗ ತೋರಿಸುತ್ತದೆ. ಅದನ್ನು ಕಳೆಯಲು ಶುರುವಿನಲ್ಲಿ ಅಜ್ಜನನ್ನು 10 ಸೆಕೆಂಡ್ ಅಲ್ಲಾಡದೆ ನಿಲ್ಲಿಸಿದೆ.

ಈಗ 40 ಮತ್ತು 39. ವಿಡಿಯೋದಲ್ಲಿ ಎಣಿಸಿದರೂ ಅಷ್ಟೇ. ತೆರೆಯ ಮೇಲೆ ತಮ್ಮ ಎಡಗಾಲಿನ ದಿಬ್ಬಗಳನ್ನು ಅಜ್ಜ ಬೆರಳಿಟ್ಟು ಒಂದೊಂದಾಗಿ ಎಣಿಸಿದಾಗ ತುಂಬಾ ಖುಷಿಯಾಯಿತು. ಆದರೆ ಇದು ಸಮತಟ್ಟು ನೆಲದ ಲೆಕ್ಕ. ಅವರ ಮನೆ ಕಾಫಿ ತೋಟದ ಏರಿನಲ್ಲಿದೆ, ಮುಂದಿನ ವಾರ ಅಲ್ಲೇ ನಡೆಸಿ ನೋಡುತ್ತೇನೆ.