‘ಇದನ್ನು ಹೇಳಿದ್ದು ಯಾರು?’

ನಾನು ನಗರಾಡಳಿತದ ತಂತ್ರಜ್ಞಾನ ವಿಭಾಗದಲ್ಲಿದ್ದೇನೆ. ಡಿಜಿಟಲ್ ಹಕ್ಕು ಎಂದರೆ ಏನೆಂದು ನನಗೆ ಅರ್ಥವಾದದ್ದು ಚರಂಡಿ ಕಟ್ಟಿಕೊಂಡ ದೂರುಗಳಿಂದ. ಒಂದೇ ಬೀದಿಯ ಮೂರು ಮನೆಗಳವರು ಬೇರೆ ಬೇರೆಯಾಗಿ ದೂರು ಬರೆದಿದ್ದರು. ದೂರು ವಿಂಗಡಿಸುವ ನಮ್ಮ ತಂತ್ರಾಂಶ ಮೊದಲನೆಯದನ್ನು ಇಟ್ಟುಕೊಂಡು, ಉಳಿದೆರಡಕ್ಕೆ ‘ಪುನರಾವರ್ತನೆ’ ಎಂಬ ಗುರುತು ಹಾಕಿತ್ತು. ಸಿಬ್ಬಂದಿ ಮೊದಲ ಮನೆಯ ಮುಂದೆ ಹೂಳು ತೆಗೆದು ಬಂದದ್ದೇ ತಡ, ಮೂವರಿಗೂ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಹೋಯಿತು. ಬೀದಿಯ ಕೊನೆಯ ಮನೆಯಲ್ಲಿ ಕೊಳಚೆ ನೀರು ಹೊಸ್ತಿಲು ದಾಟಿತ್ತು. ಆ ಮನೆಯ ವೃದ್ಧೆ ಕಚೇರಿಗೆ ಬಂದು, ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, “ಇದನ್ನು ಹೇಳಿದ್ದು ಯಾರು?” ಎಂದು ಕೇಳಿದರು.

ಉತ್ತರ ನನ್ನಲ್ಲಿರಲಿಲ್ಲ. ತಂತ್ರಾಂಶ ಕೊಟ್ಟವರನ್ನು ಕೇಳಿದರೆ, ಒಳಗಿನ ಲೆಕ್ಕಾಚಾರ ವ್ಯಾಪಾರ ರಹಸ್ಯ ಎಂದರು. ಕರಾರು ಪತ್ರವನ್ನು ತಿರುವಿ ಹಾಕಿದೆ; ವಿವರಣೆ ಕೇಳುವ ಅಧಿಕಾರ ನಮಗಿದೆ ಎನ್ನುವ ಒಂದು ಸಾಲೂ ಅದರಲ್ಲಿರಲಿಲ್ಲ. ಆ ದಿನ ನನಗಾದ ಸಂಕಟ ಇಂದಿಗೂ ಆರಿಲ್ಲ.

2018ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್, ಬಾರ್ಸಿಲೋನಾ ಮತ್ತು ನ್ಯೂಯಾರ್ಕ್ ಸೇರಿ ಡಿಜಿಟಲ್ ಹಕ್ಕುಗಳಿಗಾಗಿ ನಗರಗಳ ಒಕ್ಕೂಟವೊಂದನ್ನು ಕಟ್ಟಿದವು. ಅಂತಹದೇ ಆಶಯದ ನಿರ್ಣಯವನ್ನು ನಮ್ಮ ಆಡಳಿತವೂ ಅಂಗೀಕರಿಸಿತ್ತು, ಆದರೆ ಅದು ಟೆಂಡರ್ ಕಡತದವರೆಗೆ ಬಂದಿರಲಿಲ್ಲ. ಹಾಗಾಗಿ ನಾನು ಕೈಹಾಕಿದ್ದು ಅಲ್ಲಿಗೇ. ಆಮ್‌ಸ್ಟರ್‌ಡ್ಯಾಮ್ ನಗರ ಅಲ್ಗಾರಿದಮ್, ಅಂದರೆ ಹಂತ ಹಂತವಾಗಿ ಲೆಕ್ಕ ಹಾಕಿ ತೀರ್ಮಾನ ಕೊಡುವ ತಂತ್ರಾಂಶದ ಖರೀದಿಗೆಂದೇ ಮಾದರಿ ಷರತ್ತುಗಳನ್ನು ಬರೆದಿಟ್ಟಿದೆ. ತಂತ್ರಾಂಶವನ್ನು ಕಟ್ಟಿದ ಬಗೆ, ಅದರ ಒಳಗಿನ ತಾಂತ್ರಿಕ ವಿವರ, ಒಬ್ಬ ವ್ಯಕ್ತಿಯ ವಿಷಯದಲ್ಲಿ ಅದು ಕೊಟ್ಟ ತೀರ್ಮಾನಕ್ಕೆ ಕಾರಣ, ಇವು ಮೂರನ್ನೂ ಅವು ಬೇರೆ ಬೇರೆಯಾಗಿ ನೋಡುತ್ತವೆ. ಈ ವಿಂಗಡಣೆಯೇ ನನಗೆ ದಾರಿ ತೋರಿಸಿತು. ತೊಂದರೆಗೆ ಸಿಕ್ಕ ನಾಗರಿಕರಿಗೆ ಬೇಕಾದದ್ದು ಮೂರನೆಯದು. ಅದನ್ನು ಕೊಡಲು ತಂತ್ರಾಂಶದ ಇಡೀ ಕೋಡ್ ಅನ್ನು ಬಿಚ್ಚಿಡಬೇಕಿಲ್ಲ. ವ್ಯಾಪಾರ ರಹಸ್ಯದ ವಾದಕ್ಕೆ ನಾನು ಕೊಟ್ಟ ಉತ್ತರ ಇಷ್ಟೇ.

ವಿರೋಧ ಬಂದದ್ದು ಹೊರಗಿನವರಿಗಿಂತ ನಮ್ಮವರಿಂದಲೇ ಹೆಚ್ಚು. ಹೀಗೆಲ್ಲ ಷರತ್ತು ಹಾಕಿದರೆ ಟೆಂಡರ್‌ಗೆ ಯಾರು ಬರುತ್ತಾರೆ ಎಂದು ಖರೀದಿ ವಿಭಾಗದವರು ಕೇಳಿದರು. ನಾನು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ಕಥೆ ಹೇಳಿದೆ. ಸಾಮಾಜಿಕ ಭತ್ಯೆ ಪಡೆಯುವವರಲ್ಲಿ ಯಾರನ್ನು ತನಿಖೆ ಮಾಡಬೇಕೆಂದು ಆ ನಗರ ಅಲ್ಗಾರಿದಮ್‌ನಿಂದ ಅಂಕ ಹಾಕಿಸುತ್ತಿತ್ತು. ಡಚ್ ಭಾಷೆ ಸರಿಯಾಗಿ ಬಾರದಿರುವುದು ಕೂಡ ಅದರ ಲೆಕ್ಕದಲ್ಲಿತ್ತು. ಟೀಕೆ ಎದುರಾಗಿ 2021ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಬಾಗಿಲಿಗೆ ತನಿಖೆ ಹೋಗಿಬಂದಾಗಿತ್ತು. ಷರತ್ತುಗಳು ಉಳಿದವು. ಟೆಂಡರ್‌ಗೆ ಕಂಪನಿಗಳೂ ಬಂದವು.

ಅಲ್ಗಾರಿದಮ್ ನೋಂದಣಿಯ, ಅಂದರೆ ಆಡಳಿತ ಬಳಸುವ ಇಂತಹ ತಂತ್ರಾಂಶಗಳ ಪಟ್ಟಿಯ ಯೋಚನೆ ಬಂದದ್ದು ಆಮೇಲೆ. ಆಮ್‌ಸ್ಟರ್‌ಡ್ಯಾಮ್ ಮತ್ತು ಹೆಲ್ಸಿಂಕಿ 2020ರ ಸೆಪ್ಟೆಂಬರ್‌ನಲ್ಲೇ ಇಂತಹದನ್ನು ಸಾರ್ವಜನಿಕರಿಗೆ ತೆರೆದಿದ್ದವು. ನಾನು ಒಂದು ಹಾಳೆಯಲ್ಲಿ ಖಾನೆ ಎಳೆದು ವಿಭಾಗದಿಂದ ವಿಭಾಗಕ್ಕೆ ನಡೆದೆ. ಯಾವ ತಂತ್ರಾಂಶ, ಯಾವ ಕೆಲಸಕ್ಕೆ, ಯಾರ ದತ್ತಾಂಶ, ತೀರ್ಮಾನ ತಪ್ಪಾದರೆ ಉತ್ತರ ಕೊಡುವವರು ಯಾರು. ಮೊದಲ ಮೂರು ಖಾನೆ ಸಲೀಸಾಗಿ ತುಂಬಿದವು. ನಾಲ್ಕನೆಯದರ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತಿತ್ತು. ಕೆಲವರು ಕಂಪನಿಯ ಸಹಾಯವಾಣಿ ಸಂಖ್ಯೆ ಬರೆದುಕೊಟ್ಟರು. ನಾನು ಒಪ್ಪಲಿಲ್ಲ, ಅಲ್ಲಿ ನಮ್ಮ ಅಧಿಕಾರಿಯ ಹುದ್ದೆಯೇ ಇರಬೇಕೆಂದು ಹಟ ಹಿಡಿದೆ. ಇದಕ್ಕೆ ತಿಂಗಳುಗಳೇ ಹಿಡಿದವು.

ಯಾರೂ ಹೊಣೆ ಹೊರಲು ಒಪ್ಪದ ಎರಡು ತಂತ್ರಾಂಶಗಳನ್ನು ನಿಲ್ಲಿಸಿದೆವು. ದೂರು ವಿಂಗಡಣೆಯದ್ದು ಈಗಲೂ ಇದೆ. ಆದರೆ ‘ಪುನರಾವರ್ತನೆ’ ಎಂದು ಅದು ಗುರುತಿಸಿದ್ದನ್ನು ಒಬ್ಬರು ಓದಿ ನೋಡಿದ ಮೇಲೆಯೇ ಮುಚ್ಚುತ್ತೇವೆ. ಸಂದೇಶದ ಕೊನೆಯಲ್ಲಿ ಅವರ ಹುದ್ದೆಯೂ ದೂರವಾಣಿ ಸಂಖ್ಯೆಯೂ ಇರುತ್ತವೆ.