ಎಂಜಿಬಿ ಕಾರಿನ ಹೊಸ ಪೆಟ್ರೋಲ್ ಟ್ಯಾಂಕು ಮೇಲಿನಿಂದ ತೂತಾಗದ ಹಾಗೆ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಯಲ್ಲಿ ಟ್ಯಾಂಕು ಡಿಕ್ಕಿಯ ತಳಕ್ಕೆ ಅಂಟಿಕೊಂಡಂತೆ ಕೆಳಗೆ ನೇತಾಡುತ್ತದೆ. ಚಕ್ರ ಎರಚುವ ಕೆಸರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎರಡೂ ಆ ಸಂದಿಯಲ್ಲಿ ಕೂತು ತೇವ ಹಿಡಿದಿಡುತ್ತವೆ. ಹಾಗಾಗಿ ತುಕ್ಕು ಶುರುವಾಗುವುದು ಕಣ್ಣಿಗೆ ಬೀಳದ ಟ್ಯಾಂಕಿನ ಮೇಲ್ಭಾಗದಲ್ಲಿ. ಟ್ಯಾಂಕ್ ತುಂಬಿಸಿದಾಗ ಮಾತ್ರ ಪೆಟ್ರೋಲ್ ವಾಸನೆ ಬಂದರೆ ಮೊದಲು ಅಲ್ಲೇ ನೋಡಿ.

ಹೊಸ ಟ್ಯಾಂಕಿನ ಕಪ್ಪು ಬಣ್ಣವನ್ನು ನಂಬಬೇಡಿ. ಬಹುಪಾಲು ಅದು ಸಾಗಣೆಗಷ್ಟೇ ಸಾಕಾಗುವ ತೆಳು ಲೇಪ. ನಾನು ಮಾಡಿದ್ದು ಹೀಗೆ: ಎಲ್ಲ ಬಾಯಿಗಳನ್ನೂ ಟೇಪಿನಿಂದ ಮುಚ್ಚಿ, ಜಿಡ್ಡು ಒರೆಸಿ, 320 ನಂಬರಿನ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಮತ್ತೊಮ್ಮೆ ಒರೆಸಿದೆ. ಆಮೇಲೆ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೂ ಮೊದಲಿನ ತಳಲೇಪ) ಎರಡು ಕೋಟು, ಅಂಚಿನ ಬೆಸುಗೆಗೆ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು), ಅದರ ಮೇಲೆ ಎರಡು ಕೋಟು ಷಾಸಿ (ಕಾರಿನ ಚೌಕಟ್ಟು) ಬಣ್ಣ. ಸೆಂಡರ್ (ಪೆಟ್ರೋಲ್ ಮಟ್ಟ ಅಳೆಯುವ ಸಾಧನ) ಕೂರುವ ಜಾಗಕ್ಕೆ ಬಣ್ಣ ತಾಗಿಸಬಾರದು. ಸೀಲು ಸರಿಯಾಗಿ ಕೂರದೆ ಸೋರುತ್ತದೆ. ಕಾರಿನ ತಳಕ್ಕೆ ಬಳಿಯುವ, ಡಾಂಬರಿನಂಥ ಅಂಡರ್‌ಸೀಲ್ ಬೇಡವೇ ಬೇಡ. ಒಣಗಿ ಬಿರುಕುಬಿಟ್ಟರೆ ನೀರು ಅದರ ಹಿಂದೆ ಅವಿತು ತಿನ್ನುತ್ತದೆ.

ಮೇಲ್ಭಾಗಕ್ಕೆ ನೀರು ಹೀರುವ ಸ್ಪಂಜು, ಫೆಲ್ಟು ಬಿಟ್ಟು ಕ್ಲೋಸ್ಡ್‌-ಸೆಲ್ ರಬ್ಬರ್ ಪಟ್ಟಿ ಅಂಟಿಸಿ. ಪಟ್ಟಿಗಳ ನಡುವೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಧಾರಾಳವಾಗಿ ಬಳಿದು, ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಏರಿಸಿ.

ಒಳಗೆ? ಸ್ವಚ್ಛವಾದ ಹೊಸ ಟ್ಯಾಂಕಿಗೆ ಲೈನರ್ (ಒಳಗೋಡೆಗೆ ಹಿಡಿಯುವ ದ್ರವ ಲೇಪ) ಸುರಿಯಲಿಲ್ಲ. ಸರಿಯಾಗಿ ಹಿಡಿಯದ ಲೈನರ್ ಸಿಪ್ಪೆ ಎದ್ದು ಫಿಲ್ಟರ್ ಕಟ್ಟಿಸುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ. 10ರವರೆಗೆ ಎಥನಾಲ್ ಬೆರೆತದ್ದು. ಅದರ ಎಥನಾಲ್ ತೇವ ಎಳೆಯುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ತಳ ಸೇರುತ್ತದೆ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಎಥನಾಲ್ ಕಡಿಮೆ ಇರುವ (ಶೇ. 5ರವರೆಗೆ) ಇ5 ಸೂಪರ್ ಪೆಟ್ರೋಲ್ ತುಂಬಿಸಿ, ಟ್ಯಾಂಕನ್ನು ಬಹುತೇಕ ಭರ್ತಿಯಾಗಿಡಿ.