ಎ321ರ ಬಾಲ ಉಳಿಸಿದ ಕೊನೆಯ ಕಾಲು ಗಂಟೆ

ಇಳಿಯುವಾಗ ಐದು ನಾಟ್ ಹೆಚ್ಚು ಸ್ಪೀಡ್ ಇಟ್ಟುಕೊಂಡು ಬಂದರೆ ಏರ್‌ಬಸ್ ಎ321ರ ಬಾಲ ರನ್‌ವೇಗೆ ತಾಗುವುದಿಲ್ಲ ಎಂದು ಮೊದಮೊದಲು ಪೈಲಟ್‌ಗಳಿಗೆ ತರಬೇತಿ ಕೊಡುವ ನಾವೂ ಹೇಳಿಕೊಟ್ಟೆವು. ಅದು ತಿರುಗುಬಾಣವಾಯಿತು. ವೇಗ ಹೆಚ್ಚಿದ್ದರೆ ವಿಮಾನ ತೇಲುತ್ತದೆ. ಮೆತ್ತಗೆ ಕೂರಿಸುವ ಆಸೆಗೆ ಪೈಲಟ್ ಸ್ಟಿಕ್ಕನ್ನು ಇಷ್ಟಿಷ್ಟೇ ಎಳೆಯುತ್ತಾ ಹೋಗುತ್ತಾನೆ, ವೇಗ ಕರಗುತ್ತದೆ, ಮೂಗು ಏರುತ್ತದೆ. ಬೆಂಗಳೂರಿನಂಥ 4,000 ಮೀಟರ್ ರನ್‌ವೇಯಲ್ಲಿ ಈ ಚಟಕ್ಕೆ ಜಾಗ ಧಾರಾಳ.

ಚಕ್ರಗಳ ಗೇರ್ ಪೂರ್ತಿ ಅದುಮಿದಾಗ ಎ320ರ ಬಾಲ ತಾಗುವುದು ಮೂಗು 11.7 ಡಿಗ್ರಿ ಎದ್ದರೆ, ಎ321ರದ್ದು 9.7ಕ್ಕೇ. ಉದ್ದ ಸುಮಾರು 7 ಮೀಟರ್ ಹೆಚ್ಚು, ಕಾಕ್‌ಪಿಟ್ ಮಾತ್ರ ಅದೇ. ಬೆಳಿಗ್ಗೆ ಎ320ಕ್ಕೆ ಪಳಗಿದ ಕೈ ಮಧ್ಯಾಹ್ನ ಎ321ಕ್ಕೂ ಅಷ್ಟೇ ಎಳೆಯುತ್ತದೆ. ಪಕ್ಕದ ಪೈಲಟ್ ‘ಪಿಚ್’ (ಮೂಗು ಎದ್ದ ಕೋನ) ಎಂದು ಕೂಗಬೇಕಾದ್ದು ಎ320ರಲ್ಲಿ 10 ಡಿಗ್ರಿ ದಾಟಿದರೆ, ಎ321ರಲ್ಲಿ 7.5 ದಾಟಿದರೆ. ಉಳಿದ ಎರಡು ಚಿಲ್ಲರೆ ಡಿಗ್ರಿಯಲ್ಲಿ ಏನು ತಿದ್ದಲು ಸಾಧ್ಯ ಎಂದು ಹಿರಿಯ ತರಬೇತುದಾರರೇ ಅಡ್ಡಡ್ಡ ತಲೆಯಾಡಿಸಿದರು.

ಸಾಧ್ಯ. ಆದರೆ ಕೂಗು ಕೇಳಿದಾಗ ಕೈ ಏನು ಮಾಡಬೇಕು ಎಂಬುದನ್ನು ಬೇರೆಯಾಗಿಯೇ ಪಳಗಿಸಬೇಕು. ಗಾಬರಿಯಲ್ಲಿ ಸ್ಟಿಕ್ ಮುಂದೆ ತಳ್ಳಿದರೆ ಮೂಗಿನ ಚಕ್ರ ಬಡಿದು ವಿಮಾನ ಪುಟಿಯುವುದು, ಅಂದರೆ ಬೌನ್ಸ್, ಗ್ಯಾರಂಟಿ. ಎಳೆತ ನಿಲ್ಲಿಸಿ, ಪಿಚ್ ಇದ್ದಲ್ಲೇ ಹಿಡಿದು, ಗಟ್ಟಿಯಾಗಿ ಕೂತರೂ ಕೂರಲಿ ಎಂದು ಬಿಡಬೇಕು.

ನಾಲ್ಕು ಗಂಟೆಯ ಸಿಮ್ಯುಲೇಟರ್ ಸೆಶನ್‌ನ ಕೊನೆಯ ಕಾಲು ಗಂಟೆಯನ್ನು ಇದಕ್ಕೇ ಇಟ್ಟೆವು. ಶಾರ್ಟ್ ಫೈನಲ್‌ಗೆ (ಇನ್ನೇನು ರನ್‌ವೇ ತಲುಪುವ ಹಂತಕ್ಕೆ) ಮತ್ತೆ ಮತ್ತೆ ರಿಪೊಸಿಷನ್ ಮಾಡುತ್ತಾ ಆರೇಳು ಲ್ಯಾಂಡಿಂಗ್: ಬೇಕೆಂದೇ ಎತ್ತರದಲ್ಲಿ ಫ್ಲೇರ್ (ಕೂರಿಸುವ ಮುನ್ನ ಮೂಗು ಎತ್ತುವುದು), ಬೇಕೆಂದೇ ಬೌನ್ಸ್. ಸಣ್ಣ ಬೌನ್ಸ್ ಆದರೆ ಪಿಚ್ ಬದಲಿಸದೆ, ಎಂಜಿನ್ ಥ್ರಸ್ಟ್ ಐಡಲ್‌ನಲ್ಲೇ (ಕನಿಷ್ಠದಲ್ಲೇ) ಬಿಟ್ಟು ಕೂರಿಸುವುದು. ದೊಡ್ಡದಾದರೆ ಟೋಗಾ (ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಏರುವುದು), ಪಿಚ್ ಅಲ್ಲೇ. ಎರಡನೇ ಸಲ ಚಕ್ರ ತಾಗಿದರೂ ತಾಗಲಿ, ಏರುವುದು ಖಚಿತವಾಗುವವರೆಗೆ ಗೇರ್, ರೆಕ್ಕೆಯ ಫ್ಲಾಪ್ ಮುಟ್ಟುವಂತಿಲ್ಲ.

ಹೆಚ್ಚು ಜನ ಎಡವಿದ್ದು ಚಕ್ರ ತಾಗಿದ ಮೇಲೆ. 50 ಅಡಿಯಲ್ಲಿ ವಿಮಾನದ ಕಂಪ್ಯೂಟರ್ ಫ್ಲೇರ್ ಮೋಡ್‌ಗೆ ಬರುತ್ತದೆ. 30 ಅಡಿಯಿಂದ ಕಂಪ್ಯೂಟರ್ ನಿಧಾನಕ್ಕೆ ಮೂಗು ಇಳಿಸತೊಡಗುತ್ತದೆ, ಅದಕ್ಕೇ ನಾವು ಎಳೆಯುವುದು. ನೆಲ ಮುಟ್ಟಿದಾಗಲೂ ಆ ಎಳೆತ ಕೈಯಲ್ಲೇ ಉಳಿದಿರುತ್ತದೆ. ಆ ಹೊತ್ತಿಗೆ ರೆಕ್ಕೆಯ ಮೇಲಿನ ಸ್ಪಾಯ್ಲರ್ ಎದ್ದು ಮೂಗನ್ನು ಇನ್ನಷ್ಟು ಎತ್ತುತ್ತದೆ, ಗೇರ್ ಅದುಮುತ್ತದೆ, ಬಾಲ ಉಜ್ಜುತ್ತದೆ. ‘ಕೂತಿತು’ ಎಂದು ಕೈ ಸುಮ್ಮನಿರಬಾರದು. ಆ ಕ್ಷಣದಿಂದಲೇ ಮೂಗನ್ನು ಹದವಾಗಿ ಇಳಿಸತೊಡಗಬೇಕು. ಫ್ಲೇರ್‌ನಲ್ಲಿ ಕಣ್ಣು ಎಲ್ಲಿಂದ ಎಲ್ಲಿಗೆ ಸರಿಯಬೇಕು ಎಂಬುದಕ್ಕೆ ನಮ್ಮದೊಂದು ಗುಟ್ಟಿದೆ. ಅದನ್ನು ಪಕ್ಕದಲ್ಲಿ ಕೂತೇ ತೋರಿಸುತ್ತೇವೆ.

ನಡುವೆ ಸಿಮ್ಯುಲೇಟರ್‌ನಲ್ಲಿ ಪಿಚ್ ತೋರಿಸುವ ಪಿಎಫ್‌ಡಿ ಪರದೆಗೆ 7.5ರ ನೇರಕ್ಕೆ ತೆಳು ಟೇಪ್ ಅಂಟಿಸಿ ನೋಡಿದೆವು. ಹಾರಿಸುವವರು ಹೊರಗೆ ನೋಡುತ್ತಿರುತ್ತಾರೆ, ಅವರಿಗೆ ಪ್ರಯೋಜನವಿಲ್ಲ. ಪಕ್ಕದವರ ಕೂಗು ಮಾತ್ರ ಚುರುಕಾಯಿತು.

ಖರ್ಚು? ನೆನಪಿನ ಲೆಕ್ಕದಲ್ಲಿ ಸಿಮ್ಯುಲೇಟರ್ ಗಂಟೆಗೆ ಮೂವತ್ತು ಸಾವಿರದ ಆಸುಪಾಸು, ಕಾಲು ಗಂಟೆಗೆ ಏಳೆಂಟು ಸಾವಿರ. ಬಾಲ ಉಜ್ಜಿದ ವಿಮಾನ ಒಂದು ದಿನ ನಿಂತರೆ ಇದರ ಎಷ್ಟೋ ಪಟ್ಟು ಹೋಗುತ್ತದೆ. ಈ ಅಭ್ಯಾಸ ಬಂದಮೇಲೆ ನಮ್ಮ ಡೇಟಾದಲ್ಲಿ 7.5 ದಾಟಿದ ಲ್ಯಾಂಡಿಂಗ್ ಅಪರೂಪ. ತಲೆಯಾಡಿಸಿದವರೂ ಈಗ ಇದನ್ನೇ ಮಾಡಿಸುತ್ತಾರೆ.

ಉಜ್ಜಿದ್ದನ್ನು ಸರಿಯಾಗಿ ರಿಪೇರಿ ಮಾಡದೆ ಹೋದದ್ದರ ಬೆಲೆ ಗೊತ್ತೇ ಇದೆ. 1978ರಲ್ಲಿ ಒಸಾಕಾದಲ್ಲಿ ಬಾಲ ತಾಗಿದ ಜಪಾನ್ ಏರ್‌ಲೈನ್ಸ್ 747ರ ಹಿಂಬದಿ ಪ್ರೆಶರ್ ಬಲ್ಕ್‌ಹೆಡ್ (ಕ್ಯಾಬಿನ್‌ನ ಗಾಳಿಯೊತ್ತಡ ತಡೆಯುವ ಗೋಡೆ) 1985ರಲ್ಲಿ ಒಡೆದು 520 ಜನ ಸತ್ತರು; 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತಾಗಿದ ಚೀನಾ ಏರ್‌ಲೈನ್ಸ್ 747 ಚೂರಾದದ್ದು 2002ರಲ್ಲಿ, 225 ಜನ. ಗೋ-ಅರೌಂಡ್‌ನಲ್ಲಿ (ಇಳಿಯುವುದು ಬಿಟ್ಟು ಮತ್ತೆ ಏರುವಾಗ) ಬಾಲ ತಾಗಿದ ಅನುಮಾನ ಬಂದರೂ ಸಾಕು, ಎತ್ತರಕ್ಕೆ ಹೋಗದೆ, ಕ್ಯಾಬಿನ್‌ಗೆ ಪ್ರೆಶರ್ ಏರಿಸದೆ, ಬಂದು ಇಳಿದು ವಿಮಾನದ ದೋಷ ದಾಖಲಿಸುವ ಟೆಕ್ ಲಾಗ್‌ನಲ್ಲಿ ಬರೆಯಿರಿ.